ಬನ್ನಿ ಗಿಡದ ಕಾಯಿ ತಿನ್ನುವ ಊರು

ಚಳಿ ಬಿತ್ತೆಂದರೆ ವಿಜಯಪುರ, ಬಾಗಲಕೋಟೆ ಕಡೆಯ ಹೊಸ ಜೋಡಿಗಳು ಜೈಸಲ್ಮೇರಿಗೆ ಹೊರಡುತ್ತಾರೆ. ರಾಜಸ್ಥಾನದಲ್ಲಿ ನೆಲೆಸಿರುವ ನಮ್ಮಂಥವರಿಗೆ ಅವರು ಕೇಳುವ ಪ್ರಶ್ನೆ ಒಂದೇ: ‘ಸಮ್ ದಿಬ್ಬದಾಗ ಯಾವ ಟೆಂಟ್ ಚಲೋ ಅದಾವರಿ?’ ಸಮ್ ಅಂದರೆ ಜೈಸಲ್ಮೇರಿನ ಹೊರಗೆ ಮರಳುದಿಬ್ಬಗಳಿರುವ ಜಾಗ. ಮರಳು ನೋಡಲಿಕ್ಕೆ ಒಂದು ಸಂಜೆ ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎರಡು ರಾತ್ರಿ ಟೆಂಟಿನಲ್ಲಿ ಕಳೆದು, ಡಿಜೆ ಹಾಡು ಕೇಳಿ ಬಂದವರು ಆ ಊರು ನೋಡಿದ ಹಾಗಲ್ಲ. ನಮ್ಮ ಸೀಮೆಯವರಿಗೆ ಅಲ್ಲಿ ಕಾಣಬೇಕಾದದ್ದು ಬೇರೆ ಇದೆ. ನಮ್ಮಲ್ಲಿರುವ ಗಿಡ, ಕಾಳು, ಒಡ್ಡು ಅಲ್ಲೂ ಇವೆ. ಬಳಸುವ ರೀತಿ ಮಾತ್ರ ಬೇರೆ.

ಹೋಗುವ ದಾರಿ ಸರಳ. ಬೆಂಗಳೂರು–ಜೋಧಪುರ ರೈಲು ಹುಬ್ಬಳ್ಳಿ, ಬೆಳಗಾವಿ, ಮಿರಜ ಮೇಲೆಯೇ ಹೋಗುತ್ತದೆ. ದಿನಾ ಇರುವುದಿಲ್ಲವಾದ್ದರಿಂದ ಮೊದಲು ರೈಲಿನ ದಿನ ನೋಡಿ, ಆಮೇಲೆ ರಜೆ ಹಾಕಿ. ಜೋಧಪುರದಿಂದ ಜೈಸಲ್ಮೇರಿಗೆ ಮತ್ತೆ ಐದಾರು ತಾಸು. ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ರೈಲಿನ ಊಟದ ಚಿಂತೆ ಇಲ್ಲ. ಬಟ್ಟೆಯ ವಿಷಯದಲ್ಲಿ ನಮ್ಮವರು ಮೋಸ ಹೋಗುತ್ತಾರೆ. ಮರುಭೂಮಿ ಎಂದರೆ ಬರೀ ಬಿಸಿಲು ಅಂದುಕೊಂಡು ಒಂದೊಂದು ಸ್ವೆಟರ್ ಒಯ್ಯುತ್ತಾರೆ. ಜನವರಿಯಲ್ಲಿ ಹಗಲು ಹಿತವಾಗಿರುತ್ತದೆ, ರಾತ್ರಿ ಮಾತ್ರ ಪಾರಾ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಮರಳು ಎಷ್ಟು ಬೇಗ ಕಾಯುತ್ತದೋ ಅಷ್ಟೇ ಬೇಗ ಆರುತ್ತದೆ. ಕಿವಿ ಮುಚ್ಚುವ ಟೋಪಿ, ದಪ್ಪನೆಯ ಶಾಲು ಇಬ್ಬರಿಗೂ ಬೇಕು.

ಒಂಟೆ ಸವಾರಿಗೆ ಒಂದೇ ಸೂತ್ರ. ಒಂಟೆ ಏಳುವಾಗ ಹಿಂದಿನ ಕಾಲು ಮೊದಲು ಎತ್ತುತ್ತದೆ, ಕೂಡುವಾಗ ಮುಂದಿನ ಕಾಲು ಮೊದಲು ಮಡಚುತ್ತದೆ. ಎರಡೂ ಸಲ ನೀವು ಮುಂದಕ್ಕೆ ಮುಗ್ಗರಿಸುತ್ತೀರಿ, ಆದ್ದರಿಂದ ಎರಡೂ ಸಲ ಹಿಂದಕ್ಕೆ ಬಾಗಿ ಗಟ್ಟಿ ಹಿಡಿದಿರಿ. ಒಂದು ತಾಸಿಗಿಂತ ಹೆಚ್ಚು ಕೂತರೆ ಮರುದಿನ ತೊಡೆ ಹಿಡಿದುಕೊಳ್ಳುತ್ತದೆ.

ಇನ್ನು ಬನ್ನಿ ಗಿಡ. ಜೋಧಪುರ ದಾಟಿದ ಮೇಲೆ ಕಿಟಕಿಯಾಚೆ ಹೊಲಗಳ ನಡುವೆ ತಲೆ ಬೋಳಿಸಿದಂಥ ಗಿಡಗಳು ಕಾಣುತ್ತವೆ. ಯಾರೋ ಕಡಿದು ಹಾಳು ಮಾಡಿದ್ದಾರೆ ಎಂದು ಮರುಗಬೇಡಿ. ಅದು ಖೇಜಡಿ, ನಮ್ಮ ಬನ್ನಿಯೇ. ಚಳಿಗಾಲದಲ್ಲಿ ಟೊಂಗೆ ಸವರಿ, ‘ಲೂಂಗ್’ ಎಂದು ಕರೆಯುವ ಆ ಸೊಪ್ಪನ್ನು ಒಣಗಿಸಿ ಆಡು, ಕುರಿ, ಒಂಟೆಗೆ ಹಾಕುತ್ತಾರೆ. ಪೂರ್ತಿ ಸವರಿದ ಗಿಡದಲ್ಲಿ ಕಾಯಿ ಕಡಿಮೆ. ಹಾಗಾಗಿ ಕಾಯಿ ಬೇಕಾದವರು ಕೆಲವು ಗಿಡ ಮುಟ್ಟದೆ ಬಿಡುತ್ತಾರೆ. ಆ ಎಳೆಗಾಯಿಯೇ ಸಾಂಗರಿ. ನಾವು ದಸರೆಯಲ್ಲಿ ಬನ್ನಿ ಮುಡಿದು, ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಅಂದು ಎಲೆ ಹಂಚಿ ಕೈಮುಗಿಯುತ್ತೇವೆ. ವರ್ಷದ ಉಳಿದ ದಿನ ಆ ಗಿಡದ ನೆನಪೇ ಇರುವುದಿಲ್ಲ. ಅವರು ಅದನ್ನು ಪೂಜಿಸುತ್ತಾರೆ, ಮೇಯಿಸುತ್ತಾರೆ, ತಿನ್ನುತ್ತಾರೆ. 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿಯಲ್ಲಿ ಕಡಿಯಲು ಬಂದವರಿಗೆ ಅಡ್ಡವಾಗಿ ಈ ಗಿಡಗಳನ್ನು ಅಪ್ಪಿ ನಿಂತು ಅಮೃತಾದೇವಿಯೂ ಸೇರಿ ಬಿಷ್ಣೋಯಿ ಪಂಥದ 363 ಮಂದಿ ಜೀವ ಕೊಟ್ಟರು. ಗಿಡ ಅನ್ನ ಕೊಡುತ್ತಿದ್ದುದರಿಂದಲೇ ಆ ಭಕ್ತಿಗೆ ಅಷ್ಟು ಬಲ ಬಂತು ಎಂದು ನಾನು ನಂಬಿದ್ದೇನೆ.

ಜೈಸಲ್ಮೇರಿನಲ್ಲಿ ಕೇರ್–ಸಾಂಗರಿ ಪಲ್ಯ ತಿನ್ನದೆ ಬರಬೇಡಿ. ಕೇರ್ ಅಂದರೆ ಮರುಭೂಮಿಯ ಮುಳ್ಳುಪೊದೆಯ ಸಣ್ಣ ದುಂಡು ಕಾಯಿ. ಮರಳುವಾಗ ಒಣಗಿದ ಸಾಂಗರಿ ಕಾಲು ಕಿಲೋ, ಕೇರ್ ಅದರ ಅರ್ಧದಷ್ಟು ತನ್ನಿ. ಕೇರನ್ನು ರಾತ್ರಿಯಿಡೀ ಹುಳಿ ಮಜ್ಜಿಗೆಯಲ್ಲಿ ನೆನೆಹಾಕದಿದ್ದರೆ ಪಲ್ಯ ಕಹಿಯಾಗುತ್ತದೆ. ಸಾಂಗರಿಗೆ ಬರೀ ನೀರು ಸಾಕು. ಆದರೆ ಪಾತ್ರೆಯ ತಳದಲ್ಲಿ ಮರಳು ನಿಲ್ಲುವುದು ತಪ್ಪುವತನಕ ನಾಲ್ಕೈದು ನೀರಿನಲ್ಲಿ ತೊಳೆಯಬೇಕು. ಉಪ್ಪು ಹಾಕಿ ಕಾಲು ತಾಸು ಕುದಿಸಿ, ಬಸಿದು, ಎಣ್ಣೆಯಲ್ಲಿ ಜೀರಿಗೆ, ಒಣಮೆಣಸಿನಕಾಯಿ, ಅರಿಶಿಣ, ಕೊತ್ತಂಬರಿ ಪುಡಿ ಹಾಕಿ ಹುರಿದು, ಕೊನೆಗೆ ಮಾವಿನಕಾಯಿ ಪುಡಿ, ಒಂದು ಹಿಡಿ ಒಣದ್ರಾಕ್ಷಿ. ದ್ರಾಕ್ಷಿ ನಮ್ಮ ವಿಜಯಪುರದ್ದೇ ಆಗಲಿ. ಎಣ್ಣೆಗೆ ಕೈ ಹಿಡಿಯಬಾರದು, ಹುರಿಯುವಾಗ ನೀರು ಚಿಮುಕಿಸಬಾರದು. ಹಾಗೆ ಮಾಡಿದರೆ ಮೂರು ದಿನ ಕೆಡುವುದಿಲ್ಲ. ಜೋಳದ ರೊಟ್ಟಿಗೆ ಚೆನ್ನಾಗಿ ಹೊಂದುತ್ತದೆ.

ಸಜ್ಜಿಯದೂ ಇದೇ ಕಥೆ. ನಾವು ಸಂಕ್ರಾಂತಿಯ ಹೊತ್ತಿಗೆ ಎಸರು ಹಾಕಿ ನಾದಿ, ಎಳ್ಳು ಹಚ್ಚಿ, ತೆಳ್ಳಗೆ ಬಡಿದು, ಒಣಗಿಸಿ ತಿಂಗಳುಗಟ್ಟಲೆ ಇಡುತ್ತೇವೆ. ಅವರ ಸಜ್ಜಿ ರೊಟ್ಟಿಯಾದ ಸೋಗರಾಗೆ ಎಸರಿಲ್ಲ. ಒಂದೊಂದೇ ಉಂಡಿಯ ಹಿಟ್ಟನ್ನು ಅಂಗೈ ಬುಡದಿಂದ ಬಹಳ ಹೊತ್ತು ತಿಕ್ಕಿ ಜಿಗಿ ಬರಿಸಿ, ಎರಡು ಅಂಗೈ ನಡುವೆ ತಟ್ಟಿ, ದಪ್ಪಗೆ ಬೇಯಿಸಿ, ಬಿಸಿ ಇದ್ದಾಗಲೇ ಮುರಿದು ತುಪ್ಪ ಸುರಿಯುತ್ತಾರೆ. ಬುತ್ತಿಗೆ ನಮ್ಮ ರೊಟ್ಟಿ, ಚಳಿಗೆ ಅವರದು.

ಜೈಸಲ್ಮೇರಿನಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರಿಗಿಂತ ಕಡಿಮೆ. ವಿಜಯಪುರದಲ್ಲಿ ಅದರ ಮೂರು ಪಟ್ಟು ಹತ್ತಿರ. ಅಷ್ಟು ಕಡಿಮೆ ಮಳೆಯಲ್ಲಿ ಗೋಧಿ, ಕಡಲೆ ಬೆಳೆಯುವುದನ್ನು ನೋಡಬೇಕಾದರೆ ಕುಲಧರಾ ಕಡೆ ಹೋಗಿ. ಪಾಲಿವಾಲ ಬ್ರಾಹ್ಮಣರು ಬಿಟ್ಟುಹೋದ ಆ ಊರಿಗೆ ದೆವ್ವದ ಕಥೆ ಕೇಳಲಿಕ್ಕೆ ಹೋಗುವವರೇ ಹೆಚ್ಚು. ಪಾಲಿವಾಲರ ನಿಜವಾದ ಆಸ್ತಿ ಖಡೀನ್. ಕಲ್ಲುನೆಲದ ದಿನ್ನೆಯಿಂದ ಹರಿದುಬರುವ ಮಳೆನೀರಿಗೆ ತಗ್ಗಿನ ಹೊಲದ ಕೆಳಗಡೆ ಮಣ್ಣಿನ ಒಡ್ಡು ಕಟ್ಟುತ್ತಾರೆ. ಒಂದು ಎಕರೆ ಹೊಲಕ್ಕೆ ಹದಿನೈದು ಎಕರೆ ದಿನ್ನೆಯ ನೀರು ಬರಬೇಕು ಎಂಬುದು ಅಂದಾಜು ಲೆಕ್ಕ. ನಿಂತ ನೀರು ಮಣ್ಣಿಗೆ ಇಂಗುತ್ತದೆ, ಉಪ್ಪಿನಂಶವನ್ನು ಕೆಳಕ್ಕೆ ಇಳಿಸುತ್ತದೆ. ಅಕ್ಟೋಬರ್–ನವೆಂಬರಿನಲ್ಲಿ ಉಳಿದದ್ದನ್ನು ತೂಬಿನಿಂದ ಬಿಟ್ಟು ಬಿತ್ತುತ್ತಾರೆ. ಆಮೇಲೆ ಒಂದು ಹನಿ ನೀರು ಹಾಯಿಸುವುದಿಲ್ಲ. ಹೆಚ್ಚುವರಿ ನೀರು ಹೋಗುವ ಕೋಡಿ ಮುಚ್ಚಿಹೋದರೆ ಮಾತ್ರ ಒಂದೇ ದೊಡ್ಡ ಮಳೆಗೆ ಒಡ್ಡು ಒಡೆದು ಮಣ್ಣೂ ಹೋಗುತ್ತದೆ.

ಇದನ್ನು ನೋಡಿದರೆ ನಮ್ಮ ಎರಿ ಹೊಲದ ಹಿಂಗಾರಿ ಬಿಳಿಜೋಳ ನೆನಪಾಗಲೇಬೇಕು. ಅದೂ ಹಸಿ ಹಿಡಿದಿಟ್ಟ ನೆಲದಲ್ಲಿ, ಇಬ್ಬನಿ ಚಳಿಯಲ್ಲಿ ಬೆಳೆಯುವ ಬೆಳೆ. ಡೋಣಿ ಹೊಳೆಯ ದಂಡೆಯ ಬೆಳೆ ಬಗ್ಗೆ ‘ಡೋಣಿ ಬೆಳೆದರ ಓಣೆಲ್ಲಾ ಜೋಳ’ ಅನ್ನುವ ಮಾತಿನ ಹಿಂದೆ ಇರುವುದೂ ಆ ಹಸಿಯೇ. ನಮಗೂ ಅವರಿಗೂ ವ್ಯತ್ಯಾಸ ಇಷ್ಟೇ: ಅವರಲ್ಲಿ ಒಡ್ಡು ಹಲವು ಮನೆಗಳ ಪಾಲಿನದು, ಕೋಡಿ ಎಲ್ಲರ ಹೊಣೆ. ನಮ್ಮಲ್ಲಿ ಒಡ್ಡು ಅಣ್ಣತಮ್ಮಂದಿರ ಗಡಿಜಗಳದ ವಸ್ತು, ಟ್ರ್ಯಾಕ್ಟರ್ ತಿರುಗಲಿಕ್ಕೆ ಅಡ್ಡ ಎಂದು ಕಿತ್ತುಹಾಕುವ ದಿನ್ನೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಉಳಿಯುವ ಜಾಗದ ಬಗ್ಗೆ ಒಂದು ಕೋರಿಕೆ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಕೋಟೆಯಲ್ಲಿ ಇಂದಿಗೂ ಜನ ಮನೆ ಮಾಡಿಕೊಂಡಿದ್ದಾರೆ. ಒಳಗಿನ ಹೋಟೆಲಿನಲ್ಲಿ ರೂಮು ಹಿಡಿಯಬೇಡಿ. ಕೊಡದಲ್ಲಿ ನೀರು ಹೊತ್ತು ತಂದು ಬಳಸುತ್ತಿದ್ದ ಕಾಲದ ಕೋಟೆ ಅದು. ನಳ ಬಂದು, ರೂಮಿಗೊಂದು ಬಚ್ಚಲು ಆದ ಮೇಲೆ ಬಳಸಿದ ನೀರು ಗುಡ್ಡದೊಳಗಿನ ಜೇಡಿಗೆ ಇಳಿದು ಬುನಾದಿ ಸಡಿಲಾಯಿತು. 1990ರ ದಶಕದಲ್ಲಿ ಬುರುಜುಗಳೇ ಕುಸಿದವು. ಕೆಳಗೆ ಊರಲ್ಲಿ ಉಳಿದು ಬೆಳಿಗ್ಗೆ ಎಂಟರೊಳಗೆ ಮೇಲೆ ಹತ್ತಿದರೆ ಓಣಿಗಳು ಖಾಲಿ ಇರುತ್ತವೆ, ಹಳದಿ ಕಲ್ಲಿನ ಮೇಲೆ ಎಳೆಬಿಸಿಲು ಸಿಗುತ್ತದೆ. ಮರಳಿನ ಸಂಜೆಗೆ ಸಮ್ ಬಿಟ್ಟು ಖೂರಿ ಎಂಬ ಹಳ್ಳಿಗೆ ಹೋಗಿ. ದಿಬ್ಬ ಸಣ್ಣವು, ಗದ್ದಲವೂ ಸಣ್ಣದು.

ಊರಿಗೆ ಬಂದ ಮೇಲೆ ಸಾಂಗರಿಯ ರುಚಿ ಕಾಡಿದರೆ ಹೊಲದ ಬದುವಿನ ಬನ್ನಿ ಹುಡುಕಿ. ಬಳ್ಳಾರಿ ಜಾಲಿಯನ್ನು ಬನ್ನಿ ಎಂದು ತಪ್ಪು ತಿಳಿಯಬೇಡಿ. ಜಾಲಿಗೆ ಎಲೆಯ ಬುಡದಲ್ಲೇ ಉದ್ದನೆಯ ಮುಳ್ಳು; ಬನ್ನಿಗೆ ಗೆಣ್ಣುಗಳ ನಡುವೆ ಟೊಂಗೆಯುದ್ದಕ್ಕೂ ಚದುರಿದ ಮೊಟಕು ಮುಳ್ಳು. ಬೇಸಿಗೆಯಲ್ಲಿ ಕಾಯಿ ಹಸಿರಾಗಿ, ಬೀಜ ಉಬ್ಬುವ ಮೊದಲು ಕೀಳಬೇಕು. ಉಪ್ಪುನೀರಲ್ಲಿ ಒಂದು ಕುದಿ ಕುದಿಸಿ, ಬಸಿದು, ಮುರಿದರೆ ಲಟಕ್ ಅನ್ನುವತನಕ ಬಿಸಿಲಿಗೆ ಒಣಗಿಸಿ ಡಬ್ಬಿಗೆ ತುಂಬಿದರೆ ಬನ್ನಿ ಹಬ್ಬದ ತನಕ ಇರುತ್ತದೆ.