ಒಂದು ಸ್ಕ್ರೂ ಜಾಸ್ತಿ

ಬಾಗಿಲ ಪಕ್ಕದ ಕನ್ಸೋಲ್ ಟೇಬಲ್ ಮೇಲೆ ಇನ್ನೊಂದೇ ಒಂದು ವಸ್ತು ಇಟ್ಟರೂ ಟೇಬಲ್ ಸಮೇತ ಹೊರಗೆ ಹಾಕ್ತೀನಿ ಅಂತ ಇವತ್ತು ಬೆಳಿಗ್ಗೆ ಘೋಷಿಸಿದ್ದೇನೆ. ಯಾರೂ ತಲೆ ಎತ್ತಲಿಲ್ಲ. ಯಾಕೆಂದರೆ ಆಗ ಎಲ್ಲರೂ ಅದೇ ಟೇಬಲ್ ಮೇಲೆ ಬಗ್ಗಿ ಗಾಡಿ ಕೀ ಹುಡುಕುತ್ತಿದ್ದರು.

ಕೀ ಸಿಕ್ಕಿತು, ಕೊರಿಯರ್‌ನಲ್ಲಿ ಬಂದಿದ್ದ ಒಂದು ಖಾಲಿ ಡಬ್ಬದ ಒಳಗೆ. ಖಾಲಿ ಡಬ್ಬ ಯಾಕೆ ಇನ್ನೂ ಇಟ್ಟುಕೊಂಡಿದ್ದೀರಿ ಅಂದರೆ, "ಅಕಸ್ಮಾತ್ ವಾಪಸ್ ಕಳಿಸಬೇಕಾದರೆ?" ಅಂತಾರೆ ನಮ್ಮನೆಯವರು. ಅದರಲ್ಲಿ ಬಂದ ಶೂ ಹರಿದು, ಅದರ ನಂತರದ ಶೂ ಕೂಡ ಹರಿಯುವ ಹಂತಕ್ಕೆ ಬಂದಿದೆ.

ಈ ಟೇಬಲ್ ತಂದಿದ್ದು ಚಿತ್ರದಲ್ಲಿ ನೋಡಿ. ನಿಮಗೂ ಗೊತ್ತಿರುತ್ತೆ ಆ ಚಿತ್ರ. ಗೋಡೆಗೆ ಒರಗಿದ ತೆಳ್ಳನೆಯ ಟೇಬಲ್, ಮೇಲೊಂದು ಗುಂಡು ಕನ್ನಡಿ, ಒಂದು ಹೂದಾನಿ, ಕೀ ಹಾಕೋಕೆ ಪುಟ್ಟ ಬಟ್ಟಲು. ಬಟ್ಟಲಲ್ಲಿ ಒಂದೇ ಒಂದು ಕೀ! ಆ ಮನೆಯಲ್ಲಿ ಮನುಷ್ಯರು ಇರಲಿಲ್ಲ ಅಂತ ನನಗೆ ಆಗಲೇ ಹೊಳೆಯಬೇಕಿತ್ತು. ಮೂವತ್ತು, ನಲವತ್ತು ಸೆಂಟಿಮೀಟರ್ ಅಗಲ, ಸೊಂಟದ ಹತ್ತಿರಕ್ಕೆ ಬರುವ ಎತ್ತರ, ಓಡಾಡೋಕೆ ಅಡ್ಡ ಆಗಲ್ಲ ಅಂತ ಬರೆದಿದ್ದರು. ಅಡ್ಡ ಆಗಲ್ಲ, ನಿಜ. ಆದರೆ ಅದರ ಮೂಲೆ ಇರುವುದು ಸರಿಯಾಗಿ ನನ್ನ ಸೊಂಟದ ಮೂಳೆ ಎತ್ತರಕ್ಕೆ. ರಾತ್ರಿ ಲೈಟ್ ಹಾಕದೆ ನೀರು ಕುಡಿಯಲು ಎದ್ದ ದಿನವೆಲ್ಲ ಅದು ನನ್ನ ಕ್ಷೇಮ ವಿಚಾರಿಸದೆ ಬಿಟ್ಟಿಲ್ಲ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಅನ್ನೋ ಹಾಗೆ, ಮನೆಯೊಳಗೆ ಬಂದ ವಸ್ತು ಈ ಟೇಬಲ್ ಮೇಲೆ ಬಾರದೆ ಮುಂದಕ್ಕೆ ಹೋಗುವುದೇ ಇಲ್ಲ. ಬಿಲ್ಲು, ಹೆಲ್ಮೆಟ್, ಯಾರದೋ ಮದುವೆ ಕಾಗದ (ಆ ದಂಪತಿಗೆ ಈಗ ಮಗು ಇದೆ), ಒಂದು ಕಿವಿಯಲ್ಲಿ ಮಾತ್ರ ಕೇಳಿಸುವ ಇಯರ್‌ಫೋನ್, ಯಾವ ಬೀಗಕ್ಕೂ ಹೊಂದದ ಕೀಗೊಂಚಲು. ಹೂದಾನಿ ಇದೆ. ಅದರಲ್ಲಿ ಪೆನ್ನುಗಳಿವೆ. ಅವು ಬರೆಯಲ್ಲ.

ಇದರ ಪೂರ್ವಿಕರು ಮಾತ್ರ ಭಾರೀ ದೊಡ್ಡ ಮನೆತನದವರು. ಹದಿನೇಳನೇ ಶತಮಾನದ ಕೊನೆಯ ಹೊತ್ತಿಗೆ ಫ್ರಾನ್ಸ್, ಇಟಲಿಯ ಅರಮನೆಗಳಲ್ಲಿ ಇಂಥ ಟೇಬಲ್‌ಗಳ ದರ್ಬಾರು ನಡೆಯುತ್ತಿತ್ತು. ಎಷ್ಟೋ ಟೇಬಲ್‌ಗಳಿಗೆ ಮುಂದೆ ಮಾತ್ರ ಕಾಲು. ಹಿಂಭಾಗವನ್ನು ಗೋಡೆಗೇ ಬಿಗಿದಿರುತ್ತಿದ್ದರು, ಯಾರಿಗೂ ಕಾಣದ ಕಡೆ ಕೆತ್ತನೆ ಯಾಕೆ ದಂಡ ಅಂತ. ಕಾಣುವ ಕಡೆಗೆ ಮಾತ್ರ ಚಿನ್ನದ ಲೇಪ, ಮೇಲೆ ಅಮೃತಶಿಲೆಯ ಹಾಸು. ಎರಡು ಕಿಟಕಿಗಳ ನಡುವಿನ ಗೋಡೆಗೆ ಟೇಬಲ್, ಅದರ ಮೇಲೆ ಎತ್ತರದ ಕನ್ನಡಿ, ಕನ್ನಡಿ ಮುಂದೆ ಮೇಣದ ಬತ್ತಿ. ಒಂದು ದೀಪ ಎರಡಾಗಿ ಕಾಣುತ್ತೆ, ಕೋಣೆಗೂ ಬೆಳಕು ಜಾಸ್ತಿ. ಅಲ್ಲಿಗೆ ಅದಕ್ಕೊಂದು ಉಪಯೋಗ ಇತ್ತು ಅಂತಾಯ್ತು.

ವರ್ಸೈಲ್ಸ್ ಅರಮನೆಯಲ್ಲಂತೂ ಹದಿನಾಲ್ಕನೇ ಲೂಯಿ ಬೆಳ್ಳಿಯ ಟೇಬಲ್‌ಗಳನ್ನೇ ಮಾಡಿಸಿ ಇಟ್ಟಿದ್ದ. 1689ರಲ್ಲಿ ಯುದ್ಧಕ್ಕೆ ದುಡ್ಡು ಸಾಲದೆ ಆ ಬೆಳ್ಳಿಯ ಪೀಠೋಪಕರಣಗಳನ್ನೆಲ್ಲ ಕರಗಿಸಿಬಿಟ್ಟರು. ಎಲ್ಲರೂ ಅಯ್ಯೋ ಪಾಪ ಅಂತಾರೆ. ನನಗೆ ಹೊಟ್ಟೆಕಿಚ್ಚು. ಟೇಬಲ್ ಖಾಲಿ ಮಾಡಿಸೋಕೆ ಅದಕ್ಕಿಂತ ಒಳ್ಳೆ ನೆಪ ಎಲ್ಲಿ ಸಿಗುತ್ತೆ?

ಆಮೇಲೆ ಹದಿನೈದನೇ ಲೂಯಿ ಕಾಲಕ್ಕೆ ಕಾಲುಗಳು ಬಳುಕಿದವು. ಎಲೆ, ಬಳ್ಳಿ, ಚಿಪ್ಪು, ಒಂದು ಕಡೆ ಇದ್ದದ್ದು ಇನ್ನೊಂದು ಕಡೆ ಇಲ್ಲ. ಹದಿನಾರನೇ ಲೂಯಿ ಕಾಲಕ್ಕೆ ಶಿಸ್ತು ಬಂದು, ಕಂಬದ ಹಾಗೆ ಗೀರು ಹಾಕಿದ ನೆಟ್ಟಗಿನ ಕಾಲುಗಳಾದವು. ಇಂಗ್ಲೆಂಡಿನಲ್ಲಿ ವಿಲಿಯಂ ಕೆಂಟ್ ಅನ್ನೋ ವಿನ್ಯಾಸಕಾರನ ಕಾಲದಲ್ಲಿ ರೆಕ್ಕೆ ಬಿಚ್ಚಿದ ಹದ್ದೊಂದು ಕಲ್ಲಿನ ಹಾಸನ್ನು ಹೊತ್ತು ನಿಂತ ಟೇಬಲ್‌ಗಳು ಬಂದವು. ನನಗೆ ಬೇಕಾದದ್ದು ಅದು. ಹದ್ದು ಕಣ್ಣು ಬಿಟ್ಟು ನೋಡ್ತಾ ಇದ್ದರೆ ಹೆಲ್ಮೆಟ್ ಇಡೋಕೆ ಯಾರಿಗೆ ಧೈರ್ಯ ಬರುತ್ತೆ? ನೆಪೋಲಿಯನ್ ಕಾಲಕ್ಕೆ ಕೆಳಗೆ ಕಾಲುಗಳ ಹಿಂದೆಯೂ ಕನ್ನಡಿ ಕೂರಿಸಿದರು. ಹೆಂಗಸರು ತಮ್ಮ ಲಂಗದ ಅಂಚು ನೋಡಿಕೊಳ್ಳಲಿ ಅಂತ ಮಾಡಿದ್ದು ಅನ್ನೋ ಕಥೆ ಇದೆ, ಆದರೆ ಅದನ್ನು ತಿಳಿದವರು ಒಪ್ಪುವುದಿಲ್ಲ. ಅದೂ ಬೆಳಕಿಗೇ ಇಟ್ಟಿದ್ದು ಅಂತಾರೆ.

ಈಗಿನದಕ್ಕೆ ನಾಲ್ಕು ಕಾಲು. ಚಿನ್ನವೂ ಇಲ್ಲ, ಕಲ್ಲೂ ಇಲ್ಲ. ಮರದ ಪುಡಿಗೆ ಅಂಟು ಬೆರೆಸಿ ಒತ್ತಿದ ಹಲಗೆ, ಅದರ ಮೇಲೆ ಮರದ ಗೆರೆ ಮುದ್ರಿಸಿದ ಕಾಗದ. ಮಳೆಯಲ್ಲಿ ನೆನೆದ ಕೊಡೆಯನ್ನು ಒಮ್ಮೆ ಅದರ ಮೇಲೆ ಮಲಗಿಸಿದ್ದರು. ಯಾರು ಅಂತ ಹೇಳಬೇಕಾಗಿಲ್ಲ. ನೀರು ಕುಡಿದ ಅಂಚು ಊದಿಕೊಂಡು, ಮೇಲಿನ ಕಾಗದ ಸುರುಳಿ ಎದ್ದಿದೆ. ಆ ಊತ ಒಮ್ಮೆ ಬಂದರೆ ಮತ್ತೆ ಇಳಿಯಲ್ಲ. ಈಗ ಕೈಗೆ ಕೆಲಸ ಇಲ್ಲದವರೆಲ್ಲ ಫೋನಿನಲ್ಲಿ ಮಾತಾಡುತ್ತಾ ಆ ಸುರುಳಿಯನ್ನು ಇನ್ನಷ್ಟು ಕೀಳುತ್ತಾರೆ.

ಇದು ಡಬ್ಬದಲ್ಲಿ ಬಿಡಿಬಿಡಿಯಾಗಿ ಬಂದಿತ್ತು. ನಮ್ಮನೆಯವರು ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು, ಜೊತೆಗೆ ಕೊಟ್ಟಿದ್ದ ಚಿತ್ರದ ಹಾಳೆಯನ್ನು ತಲೆಕೆಳಗೆ ಹಿಡಿದು, ಯಾರ ಸಹಾಯವೂ ಬೇಡ ಅಂತ ಜೋಡಿಸಿದರು. ಜೋಡಿಸಿ ಮುಗಿದಾಗ ಒಂದು ಸ್ಕ್ರೂ ಉಳಿಯಿತು. "ಇದೇನ್ರೀ?" ಅಂದೆ. "ಒಂದು ಜಾಸ್ತಿನೇ ಕೊಟ್ಟಿರ್ತಾರೆ, ಕಳೆದುಹೋದರೆ ಇರಲಿ ಅಂತ. ಒಳ್ಳೆ ಕಂಪನಿ" ಅಂದರು. ಆ ಸ್ಕ್ರೂ ಟೇಬಲ್ ಮೇಲಿನ ಬಟ್ಟಲು ಸೇರಿತು. ಬಿಸಾಕೋ ಹಾಗಿಲ್ಲ. "ಇರಲಿ, ಯಾವುದಕ್ಕಾದರೂ ಬೇಕಾಗುತ್ತೆ."

ಅವತ್ತಿನಿಂದ ಆ ಸ್ಕ್ರೂಗೆ ಈ ಮನೆಯಲ್ಲಿ ಸಂಬಂಧ ಹುಡುಕುವ ಕೆಲಸ ನಡೆದಿದೆ. ಬಾಣಲೆ ಹಿಡಿ ಸಡಿಲವಾದರೆ ಅದನ್ನು ತಂದು ಹಿಡಿದು ನೋಡುತ್ತಾರೆ. ದಪ್ಪ ಆಯ್ತು. ಬಾಗಿಲ ಚಿಲಕಕ್ಕೆ ನೋಡುತ್ತಾರೆ. ಉದ್ದ ಆಯ್ತು. ಒಂದು ಸಲ ನನ್ನ ಕನ್ನಡಕದ ಕಡ್ಡಿ ಕಳಚಿಕೊಂಡಾಗಲೂ ಕೈಯಲ್ಲಿ ಇದನ್ನೇ ಹಿಡಿದು ಬಂದರು. ಸ್ಕ್ರೂ ನನ್ನ ಹೆಬ್ಬೆರಳಿನ ಉದ್ದ ಇದೆ! ಪ್ರತಿ ಸಲವೂ ಹೊಂದದೆ ವಾಪಸು ಬಂದು ಬಟ್ಟಲು ಸೇರುತ್ತೆ, ಇವರು ಅದನ್ನು ಸಮಾಧಾನ ಮಾಡುವ ಹಾಗೆ ಒಮ್ಮೆ ಒರೆಸಿ ಇಡುತ್ತಾರೆ.

ಇತ್ತ ಟೇಬಲ್ ಅಲ್ಲಾಡುತ್ತದೆ. ಎಡಗಡೆಯ ಹಿಂದಿನ ಕಾಲು. ಡ್ರಾಯರ್ ಎಳೆದರೆ ಬಟ್ಟಲು ಗಡಗಡ ಅನ್ನುತ್ತೆ, ಬಟ್ಟಲೊಳಗೆ ಸ್ಕ್ರೂ ಕುಣಿಯುತ್ತೆ. "ನೆಲ ಏರುಪೇರು" ಅಂತಾರೆ. ಒಂದು ವಿಸಿಟಿಂಗ್ ಕಾರ್ಡನ್ನು ಮಡಚಿ ಕಾಲಿನ ಕೆಳಗೆ ತುರುಕಿದರು. ಕಾಲಿನಲ್ಲೊಂದು ಖಾಲಿ ತೂತು ಕಾಣ್ತಿದೆಯಲ್ರೀ ಅಂದೆ. ಬಗ್ಗಿ, ಟಾರ್ಚ್ ಹಾಕಿ ಬಹಳ ಹೊತ್ತು ನೋಡಿದರು. "ಅದು ಗಾಳಿ ಆಡಲಿ ಅಂತ ಬಿಟ್ಟಿರೋದು" ಅಂದರು. ಟೇಬಲ್ ಕಾಲಿಗೆ ಗಾಳಿ!

ನಾನೇ ಒಂದು ಮಧ್ಯಾಹ್ನ ಆ ಸ್ಕ್ರೂ ಹಾಕಿ ಬಿಗಿ ಮಾಡಬಹುದು. ಸ್ಕ್ರೂಡ್ರೈವರ್ ಕೂಡ ಅದೇ ಟೇಬಲ್ ಮೇಲಿದೆ. ಆದರೆ ಇವರು ಅಷ್ಟು ಪ್ರೀತಿಯಿಂದ ಕಾಪಾಡಿಕೊಂಡಿದ್ದಾರೆ, ಇರಲಿ ಬಿಡಿ.

ಒಂದು ಕಾಲದಲ್ಲಿ ಈ ಟೇಬಲ್ ಖಾಲಿಯೂ ಇತ್ತು. ಮಗಳು ಓದೋಕೆ ಅಂತ ಹೊರಗೆ ಹೋದ ಹೊಸದರಲ್ಲಿ. ಬಂದ ಕೂಡಲೇ ಬ್ಯಾಗನ್ನು ಧೊಪ್ಪಂತ ಅದರ ಮೇಲೆ ಎಸೆಯುವವಳು ಅವಳೇ. ಸದ್ದಿಗೆ ನಾನು ಅಡುಗೆಮನೆಯಿಂದಲೇ ಬೈಯುತ್ತಿದ್ದೆ, ಅವಳು ಕೇಳಿಸದ ಹಾಗೆ ಹೋಗುತ್ತಿದ್ದಳು. ಅವಳು ಹೋದ ಮೇಲೆ ನಾನು ಹೂದಾನಿಗೆ ನಿಜವಾದ ಹೂವು ಹಾಕಿದ್ದೆ. ಚಿತ್ರದಲ್ಲಿದ್ದ ಹಾಗೇ ಇತ್ತು. ಇವರು ಕೀ ಕೂಡ ಜೇಬಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು. ಯಾರಾದರೂ ಏನಾದರೂ ಇಡಬಾರದಾ ಅಂತ ಅನ್ನಿಸಿದ್ದು ನಿಜ. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಆದರೂ ಇವರಿಗೆ ಹೇಗೋ ಕೇಳಿಸಿತು ಅಂತ ಕಾಣುತ್ತೆ. ಮಾರನೇ ವಾರವೇ ಡಬ್ಬಗಳು ಬರೋಕೆ ಶುರು.

ಬೆಳಗಿನ ನನ್ನ ಘೋಷಣೆಗೆ ಸಂಜೆ ಉತ್ತರ ಬಂತು. ಚಹಾ ಲೋಟವನ್ನು ಅದೇ ಟೇಬಲ್ ಮೇಲೆ ಇಟ್ಟು, "ನೀನು ಹೇಳಿದ್ದು ಸರಿ ಕಣೇ, ಅಲ್ಲಿ ಜಾಗ ಸಾಲ್ತಾ ಇಲ್ಲ" ಅಂದರು. ಈ ಟೇಬಲ್‌ಗಳನ್ನು ಸೋಫಾ ಬೆನ್ನಿಗೂ ಹಾಕಬಹುದಂತೆ, ಸೋಫಾ ಬೆನ್ನಿಗಿಂತ ಸ್ವಲ್ಪ ತಗ್ಗಾಗಿದ್ದರೆ ಸಾಕಂತೆ, ಎಲ್ಲೋ ಓದಿದ್ದಾರೆ. ಈಗ ಎರಡನೆಯದಕ್ಕೆ ಅಳತೆ ತೆಗೆಯಬೇಕು ಅಂತ ಮನೆಯೆಲ್ಲ ಟೇಪ್ ಹುಡುಕುತ್ತಿದ್ದಾರೆ. ಎಲ್ಲಿದೆ ಅಂತ ನನಗೆ ಗೊತ್ತು, ಹೆಲ್ಮೆಟ್ ಕೆಳಗೆ. ಹೇಳಲ್ಲ.