ಕುನೈತ್ರಾ: ಹಾಳೂರನ್ನು ಹಾಗೇ ಬಿಟ್ಟಿದ್ದು ಸರಿಯೇ?

ಡಮಾಸ್ಕಸ್‌ನಿಂದ ನೈಋತ್ಯಕ್ಕೆ ಸುಮಾರು 60 ಕಿಲೋಮೀಟರ್ ಹೋದರೆ ಕುನೈತ್ರಾ. ಗೋಲಾನ್ ಗುಡ್ಡಗಳ ಮೇಲೆ, ಸಮುದ್ರಮಟ್ಟದಿಂದ ಹೆಚ್ಚುಕಮ್ಮಿ ಸಾವಿರ ಮೀಟರ್ ಎತ್ತರದಲ್ಲಿದೆ. ಸಿರಿಯಾದಿಂದ ಪ್ಯಾಲೆಸ್ಟೀನ್ ಕಡೆಗೆ ಹೋಗುವ ಹಳೇ ದಾರಿ ಇಲ್ಲಿಂದಲೇ ಹಾದುಹೋಗುತ್ತಿತ್ತು. 1870ರ ದಶಕದಲ್ಲಿ, ರಷ್ಯನ್ನರ ಕೈಯಲ್ಲಿ ನೆಲೆ ಕಳೆದುಕೊಂಡ ಕಾಕಸಸ್ ಸೀಮೆಯ ಸರ್ಕೇಶಿಯನ್ ಜನ ಇಲ್ಲಿ ಬಂದು ನೆಲೆ ನಿಂತರು. 1948ರ ಯುದ್ಧದ ನಂತರ ಇದು ಇಸ್ರೇಲ್ ಕಡೆಯ ಗಡಿ ಕಾಯುವ ಸಿರಿಯಾ ಸೈನ್ಯದ ದೊಡ್ಡ ಠಾಣೆಯಾಯಿತು. 1967ರ ಹೊತ್ತಿಗೆ ಸುಮಾರು 20 ಸಾವಿರ ಜನ ಇದ್ದರು.

ಆ ವರ್ಷ ಇಸ್ರೇಲ್ ಜೊತೆ ಯುದ್ಧ ನಡೆದಾಗ, ಜೂನ್ 10ರ ಬೆಳಗ್ಗೆ ಡಮಾಸ್ಕಸ್ ರೇಡಿಯೋ ಸುದ್ದಿ ಹೇಳಿತು, ಕುನೈತ್ರಾ ಶತ್ರುವಿನ ಕೈಸೇರಿದೆ ಅಂತ. ವಿಚಿತ್ರ ಅಂದರೆ, ಆಗಿನ್ನೂ ಇಸ್ರೇಲಿ ಸೈನಿಕರು ಊರಿಗೆ ಕಾಲಿಟ್ಟೇ ಇರಲಿಲ್ಲ. ಸುದ್ದಿ ಕೇಳಿ ಸಿರಿಯಾದ ಸಿಪಾಯಿಗಳೇ ಕಂಗಾಲಾಗಿ ಹಿಂದಕ್ಕೆ ಓಡಿದರು. ಮಧ್ಯಾಹ್ನ ಇಸ್ರೇಲಿಗಳು ಬಂದಾಗ ತಡೆಯುವವರೇ ಇರಲಿಲ್ಲ. 1973ರ ಯುದ್ಧದಲ್ಲಿ ಸುತ್ತಮುತ್ತ ಟ್ಯಾಂಕುಗಳ ದೊಡ್ಡ ಕಾಳಗವೇ ನಡೆಯಿತು. ಆಮೇಲೆ ಅಮೆರಿಕದ ವಿದೇಶಾಂಗ ಮಂತ್ರಿ ಹೆನ್ರಿ ಕಿಸಿಂಜರ್ ತಿಂಗಳಿಗಿಂತ ಜಾಸ್ತಿ ಆ ಕಡೆ ಈ ಕಡೆ ಓಡಾಡಿ ಒಂದು ಒಪ್ಪಂದ ಕುದುರಿಸಿದರು. 1974ರ ಮೇ 31ರಂದು ಜಿನೀವಾದಲ್ಲಿ ಸಹಿ ಬಿತ್ತು. ಜೂನ್ ಕೊನೆಗೆ ಊರು ಸಿರಿಯಾಕ್ಕೆ ವಾಪಸ್ ಸಿಕ್ಕಿತು. ಆದರೆ ಅಷ್ಟರಲ್ಲಿ ಊರೇ ನೆಲಸಮವಾಗಿತ್ತು. ಸಿರಿಯಾ ಅದನ್ನು ಮತ್ತೆ ಕಟ್ಟಲಿಲ್ಲ, ಬೇಕಂತಲೇ ಹಾಗೇ ಇಟ್ಟುಕೊಂಡಿತು.

ಪರ: ಸಾಕ್ಷಿಯನ್ನು ಸಿರಿಯಾವೇ ಯಾಕೆ ಅಳಿಸಬೇಕಿತ್ತು?

ಮೊದಲು ಆ ಮನೆಗಳನ್ನು ನೋಡಿ. ಗೋಡೆಗಳು ಕುಸಿದು ಪುಡಿಯಾಗಿವೆ. ಕಾಂಕ್ರೀಟಿನ ಚಾವಣಿ ಮಾತ್ರ ಇಡಿಯಾಗಿ, ಕಾಲು ಮುರಿದ ಮಂಚದ ಹಾಗೆ ನೆಲಕ್ಕೆ ಕೂತಿದೆ. ಒಂದೆರಡು ಮನೆಯಲ್ಲ, ಸಾಲು ಸಾಲು ಹೀಗೇ. ಇಸ್ರೇಲ್ ಹೇಳುವುದು, ಇದು ಎರಡು ಯುದ್ಧ ಮತ್ತು ನಡುವಿನ ವರ್ಷಗಳ ಶೆಲ್ ದಾಳಿಯಿಂದ ಆದ ಹಾನಿ ಅಂತ. ಮೇಲಿಂದ ಬಿದ್ದ ಶೆಲ್ ಮೊದಲು ಚಾವಣಿಯನ್ನೇ ತೂತು ಮಾಡಬೇಕು ಅಲ್ವಾ? ಊರು ಬಿಟ್ಟುಕೊಡುವ ಮುಂಚೆ ಬುಲ್ಡೋಜರ್ ಬಿಟ್ಟು ಕೆಡವಿದರು ಅನ್ನುವುದು ಸಿರಿಯಾದ ಮಾತು. 1974ರ ನವೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಇದನ್ನು ಖಂಡಿಸಿ ನಿರ್ಣಯ ಮಾಡಿತು. ಆಮೇಲೆ ವಿಶ್ವಸಂಸ್ಥೆಯ ಸಮಿತಿಯೊಂದು ಸ್ವಿಸ್ ಎಂಜಿನಿಯರ್ ಎಡ್ವರ್ಡ್ ಗ್ರುನರ್ ಅವರನ್ನು ಪರಿಶೀಲನೆಗೆ ಕಳಿಸಿತು. ಇದು ಬೇಕಂತಲೇ ಮಾಡಿದ ನಾಶ ಅಂತ ಅವರು ವರದಿ ಕೊಟ್ಟರು. ಊರು ಕೈಗೆ ಸಿಕ್ಕ ಕೂಡಲೇ ಮಣ್ಣು ಎತ್ತಿ ಹೊಸ ಗೋಡೆ ಕಟ್ಟಿದ್ದರೆ ಗ್ರುನರ್ ನೋಡುವುದಕ್ಕೆ ಏನು ಉಳಿಯುತ್ತಿತ್ತು?

ಎರಡನೆಯದು, ಊರು ವಾಪಸ್ ಬಂತೇ ಹೊರತು ಅದರ ನೆತ್ತಿಯ ಮೇಲಿನ ಗುಡ್ಡ ಬರಲಿಲ್ಲ. ಪಶ್ಚಿಮದ ಗುಡ್ಡಗಳನ್ನು ಬಿಟ್ಟುಕೊಡುವುದಿಲ್ಲ ಅಂತ ಇಸ್ರೇಲ್ ಹಟ ಹಿಡಿದದ್ದಕ್ಕೇ ಕಿಸಿಂಜರ್ ಅಷ್ಟು ದಿನ ಓಡಾಡಬೇಕಾಯಿತು. ಊರಿನ ಅಂಚಿನ ಹೊಲಗಳನ್ನು ಉಳುತ್ತಿದ್ದವರೂ ಇಸ್ರೇಲಿಗಳೇ. ತಲೆಯ ಮೇಲೆ ಫಿರಂಗಿ, ಹಿತ್ತಲಲ್ಲಿ ತಂತಿಬೇಲಿ. ಅಲ್ಲಿಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಅಂಗಡಿ ಹಾಕಿ ಅಂತ ಯಾವ ಸರ್ಕಾರ ತಾನೇ ಹೇಳೀತು? ಇಸ್ರೇಲಿಗೂ ಅಲ್ಲಿ ಸಿರಿಯಾದ ಜನ ಬಂದು ಕೂರುವುದೇ ಬೇಕಾಗಿತ್ತು. ಗಡಿಯಲ್ಲಿ ತನ್ನದೇ ಜನ ಇದ್ದರೆ ಸಿರಿಯಾ ಗುಂಡು ಹಾರಿಸುವ ಮುಂಚೆ ಹತ್ತು ಸಲ ಯೋಚಿಸುತ್ತದೆ ಅನ್ನುವ ಲೆಕ್ಕ. ಗೋಲಾನ್ ಪೂರ್ತಿ ಬರುವ ತನಕ ಕಾಯುತ್ತೇವೆ, ಅರ್ಧಕ್ಕೆ ಒಪ್ಪಿಲ್ಲ ಅಂತ ಹೇಳುವುದಕ್ಕೆ ಆ ಹಾಳೂರಿಗಿಂತ ಗಟ್ಟಿ ಗುರುತು ಬೇರೆ ಇರಲಿಲ್ಲ.

ಆಮೇಲೆ ಏನಾಯಿತು ಅಂತಲೂ ನೋಡಿ. 2014ರ ಆಗಸ್ಟಿನಲ್ಲಿ, ಸಿರಿಯಾದ ಒಳಯುದ್ಧದ ನಡುವೆ, ಬಂಡುಕೋರರು ಕುನೈತ್ರಾ ಗಡಿದ್ವಾರ ಹಿಡಿದರು. ವಿಶ್ವಸಂಸ್ಥೆಯ ಶಾಂತಿಪಡೆಯ 45 ಫಿಜಿ ಸೈನಿಕರನ್ನು ಒತ್ತೆ ಇಟ್ಟುಕೊಂಡರು. ಆಗ ಆ ಪಡೆಯ ದಂಡನಾಯಕ ನಮ್ಮ ಭಾರತದ ಇಕ್ಬಾಲ್ ಸಿಂಗ್ ಸಿಂಘಾ. ಬಂದೂಕು ಹಿಡಿದವರಿಗೇ ಅಲ್ಲಿ ಈ ಗತಿ. ಜನ ತುಂಬಿದ ಊರು ಇದ್ದಿದ್ದರೆ?

ಫ್ರಾನ್ಸಿನ ಒರಾದೂರ್-ಸುರ್-ಗ್ಲಾನ್ ಹಳ್ಳಿಯನ್ನೂ ಹೀಗೇ ಇಟ್ಟಿದ್ದಾರೆ. 1944ರ ಜೂನ್ 10ರಂದು ನಾಜಿ ಪಡೆ ಅಲ್ಲಿ 600ಕ್ಕೂ ಜಾಸ್ತಿ ಜನರನ್ನು ಕೊಂದು ಊರು ಸುಟ್ಟಿತು. ಫ್ರಾನ್ಸಿನ ನಾಯಕ ಡಿ ಗಾಲ್ ಅದನ್ನು ಹಾಗೇ ಉಳಿಸಿ ಅಂದರು. ಅದನ್ನು ಯಾರೂ ತಪ್ಪು ಅನ್ನುವುದಿಲ್ಲ. ಸಿರಿಯಾ ಮಾಡಿದರೆ ಮಾತ್ರ ಯಾಕೆ ನಾಟಕ ಅನ್ನಿಸಬೇಕು?

ವಿರೋಧ: ಊರಿನವರನ್ನು ಒಂದು ಮಾತು ಕೇಳಿದರಾ?

ಒರಾದೂರ್ ಹೆಸರು ಬಂತಲ್ಲ, ಅಲ್ಲಿಂದಲೇ ಶುರು ಮಾಡೋಣ. ಫ್ರೆಂಚರು ಸುಟ್ಟ ಹಳ್ಳಿಯನ್ನು ಉಳಿಸಿದ್ದು ನಿಜ. ಅದರ ಪಕ್ಕದಲ್ಲೇ ಅದೇ ಹೆಸರಿನ ಹೊಸ ಊರು ಕಟ್ಟಿದ್ದೂ ನಿಜ. ಸಿರಿಯಾವೂ ಹತ್ತಿರದಲ್ಲಿ ಒಂದು ಹೊಸ ಊರು ಕಟ್ಟಿತು. ಅದಕ್ಕೆ ಇಟ್ಟ ಹೆಸರು ಆಗ ಆಳುತ್ತಿದ್ದ ಪಕ್ಷದ್ದು: ಮದೀನತ್ ಅಲ್-ಬಾಥ್, ಬಾಥ್ ಪಕ್ಷದ ನಗರ. ಜಿಲ್ಲೆಯ ಸರ್ಕಾರಿ ಕಚೇರಿಗಳು ಅಲ್ಲಿಗೆ ಹೋದವು. ಕುನೈತ್ರಾದಿಂದ ಗಂಟುಮೂಟೆ ಕಟ್ಟಿದ ಬಹಳಷ್ಟು ಜನ ಮಾತ್ರ ಡಮಾಸ್ಕಸ್ ಹೊರವಲಯದಲ್ಲೇ ಉಳಿದರು. ಅವರ ಮಕ್ಕಳು, ಮೊಮ್ಮಕ್ಕಳು ಅಲ್ಲೇ ಹುಟ್ಟಿದರು. ಸರ್ಕೇಶಿಯನ್ನರಲ್ಲಿ ಎಷ್ಟೋ ಜನ ಅಮೆರಿಕದ ನ್ಯೂಜೆರ್ಸಿಗೆ ಹೋಗಿಬಿಟ್ಟರು. ನೂರು ವರ್ಷದೊಳಗೆ ಎರಡನೇ ಸಲ ಗುಳೆ ಎದ್ದ ಜನ ಅವರು.

ಇನ್ನು 1974ರ ಆ ಒಪ್ಪಂದ. ಸಿರಿಯಾದ ನಾಗರಿಕರು ಈ ಜಾಗಕ್ಕೆ ವಾಪಸ್ ಬರುತ್ತಾರೆ ಅಂತ ಅದರಲ್ಲೇ ಬರೆದಿದೆ. ಸಹಿ ಹಾಕಿದ್ದು ಸಿರಿಯಾವೇ. ಇಸ್ರೇಲಿಗೆ ಅದು ಲಾಭ ಅನ್ನುವ ಒಂದೇ ಕಾರಣಕ್ಕೆ ಊರಿನವರಿಗೆ ಬೇಡವಾಗಿತ್ತು ಅಂತ ಆಗುತ್ತದಾ?

ಸಾಕ್ಷಿಯ ಮಾತು ಒಪ್ಪುತ್ತೇನೆ. ಚಾವಣಿಗಳು ಕೂತಿರುವ ರೀತಿ ನೋಡಿದರೆ ಇಸ್ರೇಲಿನ ಸಮಜಾಯಿಷಿ ನನಗೂ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಗ್ರುನರ್ ಬಂದು, ಅಳೆದು, ವರದಿ ಬರೆದು ಮುಗಿಸಿದ್ದು 1970ರ ದಶಕದಲ್ಲೇ. ಅದಾದ ಮೇಲೆ ಯಾವ ನ್ಯಾಯಾಲಯಕ್ಕೆ ಆ ಸಾಕ್ಷಿ ಬೇಕಿತ್ತು? ಆಸ್ಪತ್ರೆ, ಒಂದು ಚರ್ಚು, ಒಂದು ಬೀದಿ ಉಳಿಸಿಕೊಂಡಿದ್ದರೆ ಸಾಲದಾಗಿತ್ತಾ? ವಾರ್ಸಾದಲ್ಲಿ ನಾಜಿಗಳು ಹಳೇ ಪೇಟೆಯನ್ನೇ ಸಿಡಿಸಿ ಹಾಕಿದ್ದರು. ಪೋಲೆಂಡಿನವರು ಅದನ್ನು ಮತ್ತೆ ಹಾಗೇ ಕಟ್ಟಿದರು. 1980ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಟ್ಟಿದ್ದರಿಂದ ನಾಜಿಗಳ ಪಾಪವೇನೂ ತೊಳೆದುಹೋಗಲಿಲ್ಲ.

ಕುನೈತ್ರಾದಲ್ಲಿ ಉಳಿದದ್ದು ಒಂದು ಪ್ರದರ್ಶನ. ಗುಂಡಿನ ತೂತು ತುಂಬಿದ ಗೋಲಾನ್ ಆಸ್ಪತ್ರೆಯ ಗೋಡೆಯ ಮೇಲೆ, ಜಿಯೋನಿಸ್ಟರು (ಅಂದರೆ ಇಸ್ರೇಲಿಗಳು) ಇದನ್ನು ಹಾಳು ಮಾಡಿ ಗುಂಡಿನ ಗುರಿಯಾಗಿ ಬಳಸಿದರು ಅಂತ ಬೋರ್ಡು. ಇಂಗ್ಲಿಷಿನಲ್ಲೂ ಇದೆ, ಬರುವ ವಿದೇಶಿಯರಿಗಾಗಿ. ಒಳಗೆ ಹೋಗಲು ಡಮಾಸ್ಕಸ್‌ನ ಗೃಹ ಇಲಾಖೆಯಿಂದ ಪರವಾನಗಿ ತರಬೇಕಿತ್ತು. 2001ರ ಮೇನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬಂದು ಹಾಳುಬಿದ್ದ ಚರ್ಚಿನಲ್ಲಿ ಪ್ರಾರ್ಥನೆ ಮಾಡಿದರು. ಕ್ಯಾಮೆರಾಗಳು ಬಂದವು, ಹೋದವು. ಊರಿನವರು ಮಾತ್ರ ವಾಪಸ್ ಬರಲಿಲ್ಲ.

ಈ ಪ್ರದರ್ಶನದಲ್ಲಿ ಒಂದು ಬೋರ್ಡು ಎಲ್ಲೂ ಇಲ್ಲ. 1967ರ ಜೂನ್ 10ರ ಆ ರೇಡಿಯೋ ಸುದ್ದಿಯ ಬೋರ್ಡು. ಆಗ ರಕ್ಷಣಾ ಮಂತ್ರಿ ಯಾರು? ಹಾಫೆಜ್ ಅಲ್-ಅಸಾದ್. 1974ರಲ್ಲಿ ಅಧ್ಯಕ್ಷರಾಗಿ ಬಂದು ಇದೇ ಊರಿನಲ್ಲಿ ಬಾವುಟ ಹಾರಿಸಿದ್ದೂ ಅವರೇ. ಜನ ವಾಪಸ್ ಬಂದು ಸಂಜೆ ಕಟ್ಟೆಯ ಮೇಲೆ ಕೂತರೆ ಏನು ಮಾತಾಡಿಕೊಳ್ಳುತ್ತಿದ್ದರು? ಊರು ಕೆಡವಿದವರ ಬಗ್ಗೆ ಮಾತಾಡುತ್ತಿದ್ದರು, ಸರಿ. ಊರು ಬಿಟ್ಟು ಓಡಿದವರ ಬಗ್ಗೆಯೂ ಮಾತಾಡುತ್ತಿದ್ದರು. ಖಾಲಿ ಊರಿನಲ್ಲಿ ಆ ತೊಂದರೆ ಇಲ್ಲ.

ಅಪಾಯ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದೇ ಗೋಲಾನ್‌ನಲ್ಲಿ, ಇಸ್ರೇಲ್ ಹಿಡಿದಿಟ್ಟುಕೊಂಡ ಕಡೆ, ಇನ್ನೊಂದು ಊರು ನೋಡಿ, ಮಜ್ದಲ್ ಶಮ್ಸ್. ಅಲ್ಲಿನ ದ್ರೂಝ್ ಪಂಗಡದ ಜನ 1967ರಲ್ಲಿ ಜಾಗ ಬಿಟ್ಟು ಕದಲಲಿಲ್ಲ. 1981ರ ಡಿಸೆಂಬರಿನಲ್ಲಿ ಇಸ್ರೇಲ್ ಗೋಲಾನ್ ಅನ್ನು ತನ್ನ ಕಾನೂನಿನ ಕೆಳಗೆ ತಂದಾಗ, ನಿಮ್ಮ ಗುರುತಿನ ಚೀಟಿ ಬೇಡ ಅಂತ ತಿಂಗಳುಗಟ್ಟಲೆ ಮುಷ್ಕರ ಹೂಡಿದರು. 2005ರಿಂದ ಅವರ ತೋಟದ ಸೇಬು ರೆಡ್ ಕ್ರಾಸ್ ಲಾರಿಗಳಲ್ಲಿ ಕುನೈತ್ರಾ ಗಡಿದ್ವಾರ ದಾಟಿ ಸಿರಿಯಾದ ಮಾರುಕಟ್ಟೆಗೆ ಹೋಗತೊಡಗಿತು. ಸಿರಿಯಾದ ಹಕ್ಕನ್ನು ಜೀವಂತ ಇಟ್ಟಿದ್ದು ಈ ಜನ, ಈ ತೋಟಗಳು. ಅತ್ತ ಇಸ್ರೇಲಿಗೂ ಇದು ಗೊತ್ತಿತ್ತು. 1967ರ ಯುದ್ಧ ಮುಗಿದ ಕೆಲವೇ ತಿಂಗಳಲ್ಲಿ ಅವರ ವಲಸಿಗರು ಕುನೈತ್ರಾದ ಖಾಲಿ ಮನೆಗಳಲ್ಲೇ ಬಂದು ಕೂತಿದ್ದರು. ಆಮೇಲೆ ಹತ್ತಿರದಲ್ಲಿ ಮೆರೋಂ ಗೋಲಾನ್ ಕಟ್ಟಿಕೊಂಡರು, 1977ರಲ್ಲಿ ಕತ್ಸ್‌ರಿನ್ ಪಟ್ಟಣ. ಅವರು ಕಟ್ಟುತ್ತಾ ಹೋದರು, ನಾವು ಮಣ್ಣುಗುಡ್ಡೆ ಕಾಯುತ್ತಾ ಕೂತೆವು ಅಂತ ಡಮಾಸ್ಕಸ್‌ನಲ್ಲಿ ಯಾರಾದರೂ ಹೇಳಿದರೆ ಉತ್ತರ ಏನು?

2024ರ ಡಿಸೆಂಬರ್ 8ರಂದು ಅಸಾದ್ ಮನೆತನದ ಆಳ್ವಿಕೆ ಬಿತ್ತು. 1974ರ ಒಪ್ಪಂದ ಕುಸಿದಿದೆ ಅಂತ ಹೇಳಿ ಎರಡೂ ಸೈನ್ಯಗಳ ನಡುವೆ ವಿಶ್ವಸಂಸ್ಥೆಯ ಪಡೆ ಕಾಯುವ ವಲಯಕ್ಕೇ ಇಸ್ರೇಲಿ ಪಡೆಗಳು ನುಗ್ಗಿದವು. ಹಾಳೂರು ಅವರನ್ನು ತಡೆಯಲಿಲ್ಲ. ಜನ ತುಂಬಿದ ಊರು ತಡೆಯುತ್ತಿತ್ತು ಅಂತ ನಾನೂ ಹೇಳುವುದಿಲ್ಲ. ಆದರೆ ಊರು ಕಟ್ಟಿದ್ದರೆ ಆ 50 ವರ್ಷ ಅಲ್ಲಿ ಶಾಲೆ ನಡೆಯುತ್ತಿತ್ತು, ಸಂತೆ ಕೂಡುತ್ತಿತ್ತು. ಕಟ್ಟದೇ ಇದ್ದದ್ದಕ್ಕೆ ಬದಲಾಗಿ ಕುನೈತ್ರಾದವರಿಗೆ ಸಿಕ್ಕಿದ್ದೇನು ಅಂತ ಪರ ವಾದಿಸುವವರು ಹೇಳಲಿ.