ಜೊತೆಗಾರರು ಕೇಳದೆಯೇ ಅವರ ಬರಹವನ್ನು ವಿಮರ್ಶಿಸಬಹುದೇ?

ತಲೆಗೊಂದು ಪಾತ್ರ ವಹಿಸಿಕೊಂಡು, ಸರದಿಯಂತೆ ಪೋಸ್ಟ್ ಬರೆಯುತ್ತಾ ಒಂದೇ ಕತೆಯನ್ನು ಬೆಳೆಸುವ ಆನ್‌ಲೈನ್ ರೋಲ್‌ಪ್ಲೇ ಗುಂಪುಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ: ಜೊತೆಗಾರರ ಬರವಣಿಗೆಯಲ್ಲಿ ಕೊರತೆ ಕಂಡಾಗ, ಅವರು ಕೇಳದಿದ್ದರೂ ಅದನ್ನು ಹೇಳಬೇಕೇ? ಎರಡೂ ವಾದಗಳನ್ನು ನಾನೇ ಮಂಡಿಸುತ್ತಿದ್ದೇನೆ. ನನ್ನ ಒಲವು ಎರಡನೆಯದರ ಕಡೆಗಿದೆ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ.

ಪರ: ಹೇಳಲೇಬೇಕು

ಕತೆ ಹಿಡಿಸದಿದ್ದರೆ ಓದುಗರು ಪುಸ್ತಕವನ್ನು ಮಡಚಿಡಬಹುದು. ರೋಲ್‌ಪ್ಲೇಯಲ್ಲಿ ಆ ಅನುಕೂಲವಿಲ್ಲ. ಹಿಂದಿನ ಪೋಸ್ಟ್ ಎಲ್ಲಿ ನಿಂತಿತೋ ಮುಂದಿನ ಸರದಿಯವರು ಅಲ್ಲಿಂದಲೇ ಹೊರಡಬೇಕು. ದ್ವಂದ್ವಯುದ್ಧದ ದೃಶ್ಯವೊಂದರಲ್ಲಿ ಒಬ್ಬರು “ಅವಳ ಕತ್ತಿ ಅವನ ಭುಜವನ್ನು ಸೀಳಿತು, ಅವನು ಮಂಡಿಯೂರಿ ಪ್ರಾಣಭಿಕ್ಷೆ ಬೇಡಿದ” ಎಂದು ಬರೆದರೆನ್ನೋಣ. ಕತ್ತಿ ಅವರ ಪಾತ್ರದ್ದು, ಸರಿ. ಆದರೆ ಮಂಡಿಯೂರಿದವನು ಇನ್ನೊಬ್ಬರ ಪಾತ್ರ. ಬಲ್ಲವರು ಗಾಡ್‌ಮಾಡಿಂಗ್ ಎಂದು ಕರೆಯುವುದು ಇದನ್ನೇ. “ನೀವು ಕತ್ತಿ ಬೀಸಿ, ತಗಲಿತೋ ತಪ್ಪಿತೋ ಎಂಬುದನ್ನು ನನಗೆ ಬಿಡಿ” ಎಂದು ಆಗಲೇ ಹೇಳದಿದ್ದರೆ, ಆ ಇನ್ನೊಬ್ಬರಿಗೆ ಬರೆಯಲು ಉಳಿಯುವುದು ಸೋಲೊಂದೇ.

1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರಾಗನ್ಸ್‌ನಂಥ ಆಟವನ್ನು ಮೇಜಿನ ಸುತ್ತ ಕುಳಿತು ಆಡುವಾಗ ಎದುರಿನವರ ಮುಖ ಬಾಡಿದ್ದು ಕಣ್ಣಿಗೆ ಬೀಳುತ್ತದೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಬೆಳೆಸಿದ ‘ಮಡ್’ ಎಂಬ ಆಟದಿಂದ ಹಿಡಿದು ಇಂದಿನವರೆಗೂ, ಬರೀ ಅಕ್ಷರಗಳಲ್ಲಿ ನಡೆಯುವ ಆಟಗಳಲ್ಲಿ ಆ ಮುಖವೇ ಕಾಣುವುದಿಲ್ಲ. ಹೀಗಾಗಿ ಬೇಸರ ಮೌನದ ರೂಪದಲ್ಲಿ ಬರುತ್ತದೆ: ದಿನಕ್ಕೊಂದು ಬರುತ್ತಿದ್ದ ಉತ್ತರ ವಾರಕ್ಕೊಂದಾಗಿ, ಕೊನೆಗೆ ನಿಂತೇ ಹೋಗುತ್ತದೆ. ಕತೆ ಏಕೆ ಸತ್ತಿತೆಂಬುದು ಬರೆದವರಿಗೆ ತಿಳಿಯುವುದೇ ಇಲ್ಲ.

ನನಗೆ ತಿಳಿಯಿತು, ಏಕೆಂದರೆ ಒಬ್ಬರು ಹೇಳಿದರು. ನನ್ನ ಮೊದಲ ಗುಂಪಿನಲ್ಲಿ ನಾನು ವೈದ್ಯೆಯ ಪಾತ್ರ ವಹಿಸಿದ್ದೆ. ಒಂದೇ ಪೋಸ್ಟ್‌ನಲ್ಲಿ ಅವಳು ಗಾಯಾಳುವಿಗೆ ಪಟ್ಟಿ ಕಟ್ಟಿದಳು, ವಿಷ ಹಾಕಿದವರನ್ನು ಪತ್ತೆ ಹಚ್ಚಿದಳು, ರೊಚ್ಚಿಗೆದ್ದ ಜನರನ್ನೂ ಸಮಾಧಾನಪಡಿಸಿದಳು. ಜೊತೆಗಾತಿ ಖಾಸಗಿಯಾಗಿ ಬರೆದರು: “ಪೋಸ್ಟ್ ಚೆನ್ನಾಗಿದೆ, ಆದರೆ ನನಗೆ ಮಾಡಲು ಏನೂ ಉಳಿದಿಲ್ಲ.” ಅವರನ್ನು ನಾನು ಏನನ್ನೂ ಕೇಳಿರಲಿಲ್ಲ. ಅಂದಿನಿಂದ ಇಂದಿನವರೆಗೆ, ಪೋಸ್ಟ್ ಕಳಿಸುವ ಮುನ್ನ ಮುಂದಿನವರಿಗೆ ಏನು ಉಳಿಸಿದ್ದೇನೆ ಎಂದು ನೋಡಿಕೊಳ್ಳದೆ ಕಳಿಸಿಲ್ಲ.

ವಿರೋಧ: ಕೇಳದಿದ್ದರೆ ಬೇಡ

ಮೇಲಿನ ವಾದದಲ್ಲಿ ಎರಡು ಬೇರೆ ಸಂಗತಿಗಳು ಬೆರೆತುಹೋಗಿವೆ. ಇನ್ನೊಬ್ಬರ ಪಾತ್ರವನ್ನು ಮಂಡಿಯೂರಿಸುವುದು, ಪಾತ್ರಕ್ಕೆ ಗೊತ್ತಿರಲಾರದ ಗುಟ್ಟನ್ನು ಬರೆಯುವವರಿಗೆ ಗೊತ್ತಿದೆಯೆಂಬ ಕಾರಣಕ್ಕೆ ಬಳಸಿಬಿಡುವುದು ನಿಯಮಭಂಗ. ಅದನ್ನು ಹೇಳುವುದಕ್ಕೆ, ಹೇಳಿದರೂ ಕೇಳದಿದ್ದರೆ ಗುಂಪನ್ನು ನೋಡಿಕೊಳ್ಳುವ ಮಾಡರೇಟರ್‌ಗೆ ತಿಳಿಸುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ. “ನನಗೆ ಮಾಡಲು ಏನೂ ಉಳಿದಿಲ್ಲ” ಎಂಬುದು ಕೂಡ ವಿಮರ್ಶೆಗಿಂತ ಹೆಚ್ಚಾಗಿ, ತನ್ನ ಪಾಲನ್ನು ಕೇಳಿದ ಮಾತು. ಆದರೆ ವರ್ಣನೆ ಉದ್ದವಾಯಿತು, ಸಂಭಾಷಣೆ ಸಪ್ಪೆಯಾಯಿತು, ನಾಯಕಿ ಎಲ್ಲದರಲ್ಲೂ ಗೆಲ್ಲುತ್ತಾಳೆ ಎಂಬವು ಬರವಣಿಗೆಯ ಮಾತುಗಳು. ಕೇಳದೆ ಆಡಿದಾಗ ಪೆಟ್ಟು ಕೊಡುವವು ಇವು.

ಕತೆಯ ಕರಡನ್ನು ತಿದ್ದಬಹುದು. ಪೋಸ್ಟ್ ಹಾಗಲ್ಲ, ಅದು ಚದುರಂಗದಲ್ಲಿ ಆಗಲೇ ನಡೆಸಿದ ಕಾಯಿಯಂತೆ, ಅದರ ಮೇಲೆ ಬೇರೆಯವರು ತಮ್ಮ ಕಾಯಿಗಳನ್ನೂ ನಡೆಸಿರುತ್ತಾರೆ. ತಿದ್ದಲು ಬಾರದ್ದರ ಬಗ್ಗೆ ಬಂದ ಸಲಹೆಯಿಂದ ಬರೆದವರಿಗೆ ಮುಜುಗರವಷ್ಟೇ ಉಳಿಯುತ್ತದೆ. ಜೊತೆಗೆ ಪಾತ್ರದ ಭಾವನೆ ಆಡುವವರೊಳಗೂ ಇಳಿಯುತ್ತದೆ. ರೋಲ್‌ಪ್ಲೇ ವಲಯದಲ್ಲಿ ಇದನ್ನು ಬ್ಲೀಡ್ ಎನ್ನುತ್ತಾರೆ. ತಿಂಗಳುಗಟ್ಟಲೆ ಒಂದು ಪಾತ್ರದ ಬಾಯಿಂದ ಮಾತನಾಡಿದವರಿಗೆ “ನಿಮ್ಮ ಪಾತ್ರ ನಂಬುವಂತಿಲ್ಲ” ಎಂಬ ಮಾತು ಪಾತ್ರಕ್ಕಷ್ಟೇ ತಾಗಿ ನಿಲ್ಲುವುದಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಿದ್ದೇನೆ: ಇಂಥ ಸಲಹೆ ಹೆಚ್ಚಾಗಿ ಹಳಬರಿಂದ ಹೊಸಬರ ಕಡೆಗೇ ಹರಿಯುತ್ತದೆ.

ನಮ್ಮ ಗುಂಪಿಗೆ ಸೇರಿದ ಒಬ್ಬರು ಮೊದಮೊದಲು ನಾಲ್ಕೈದು ಪ್ಯಾರಾ ಬರೆಯುತ್ತಿದ್ದರು. ಅವರ ಅಂಬಿಗಿತ್ತಿಯ ಪಾತ್ರಕ್ಕೆ ಬಾಲ್ಯವಿತ್ತು, ತಂದೆಯ ದೋಣಿಯಿತ್ತು, ನೀರಿನ ಭಯವೂ ಇತ್ತು. ಎಲ್ಲರ ಎದುರಿನಲ್ಲೇ ಒಬ್ಬರು ಕಾಗುಣಿತ ತಿದ್ದಿದರು, ಇನ್ನೊಬ್ಬರು ವಾಕ್ಯಗಳನ್ನು ಚುರುಕಾಗಿಸಿ ಎಂದರು, ಮತ್ತೊಬ್ಬರು ದೋಣಿಯ ವಿಷಯ ಅತಿಯಾಯಿತೆಂದರು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು, ನಾನೂ ಅವರಲ್ಲೊಬ್ಬಳು. ಪೋಸ್ಟ್ ಎರಡು ಪ್ಯಾರಾಕ್ಕೆ ಇಳಿಯಿತು, ಆಮೇಲೆ ಎರಡು ಸಾಲಿಗೆ. ಅವರು ಬರೆದ ಕೊನೆಯ ಪೋಸ್ಟ್ “ಅವಳು ತಲೆಯಾಡಿಸಿದಳು” ಎಂಬುದಷ್ಟೇ. ಅದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

ಬರಹವನ್ನು ಮೇಲೆತ್ತುವ ಕೆಲಸ ಕತೆಯೊಳಗಿನಿಂದಲೇ ಆಗಬಲ್ಲದು. ಮೂರು ಪ್ಯಾರಾ ಕೋಣೆಯನ್ನು ಬಣ್ಣಿಸಿದವರಿಗೆ ನನ್ನ ಪಾತ್ರ “ಕಿಟಕಿಯ ಬಳಿ ಅಡಗಿರುವವರು ಯಾರು?” ಎಂದು ಕೇಳಿದರೆ ಮುಂದಿನ ಪೋಸ್ಟ್ ತಾನಾಗಿಯೇ ಚುರುಕಾಗುತ್ತದೆ. ಎಂದೂ ಸೋಲದ ನಾಯಕಿಯ ಮುಂದೆ ಇಬ್ಬರಲ್ಲಿ ಒಬ್ಬರನ್ನು ಮಾತ್ರ ಉಳಿಸಬಹುದಾದ ಸನ್ನಿವೇಶವನ್ನಿಟ್ಟರೆ, ಅವಳನ್ನು ಬರೆಯುವವರು ಆ ಸಂಕಟವನ್ನು ತಾವೇ ಹುಡುಕಿಕೊಂಡು ಬರೆಯುತ್ತಾರೆ. ಇಷ್ಟರ ಮೇಲೂ ವಿಮರ್ಶೆ ಬೇಕೆನ್ನುವವರಿಗಾಗಿ ಪಾತ್ರಪರಿಚಯದಲ್ಲಿ ಒಂದು ಸಾಲು ಸೇರಿಸುವುದು ಕಷ್ಟವಲ್ಲ: ಸಲಹೆ ಬೇಕೇ, ಯಾವುದರ ಬಗ್ಗೆ ಬೇಕು, ಯಾರಿಂದ ಬೇಕು. ಅಂಬಿಗಿತ್ತಿಯನ್ನು ಬರೆದವರಿಗೆ ಆ ಸಾಲನ್ನು ತುಂಬುವ ಅವಕಾಶವನ್ನು ನಾವು ಕೊಟ್ಟಿರಲಿಲ್ಲ.